ಗಾಳಿಯ ಗಡಿಯಾರ: ಪಡುವಣ ಕರಾವಳಿಯಲ್ಲಿ ಹಾಯಿದೋಣಿಯ ವಾಸ

ಮುಂಬಯಿಯ ಬಂದರಿನಿಂದ ಹೊರಟು, ಕೊಂಕಣ, ಗೋವೆ, ಕನ್ನಡ, ಮಲಯಾಳ ಕರಾವಳಿಗಳನ್ನು ಕ್ರಮವಾಗಿ ಎಡಗಡೆಗೆ ಇಟ್ಟುಕೊಂಡು ತೆಂಕಣಕ್ಕೆ ಸಾಗಿ, ಕೊಚ್ಚಿಯ ಹಿನ್ನೀರನ್ನು ಹೊಗುವವರೆಗಿನ ಜಲಮಾರ್ಗವು ಸುಮಾರು 600 ನಾಟಿಕಲ್ ಮೈಲಿಗಳಷ್ಟು, ಅಂದರೆ 1,100 ಕಿಲೋಮೀಟರುಗಳಷ್ಟು ದೀರ್ಘವಾದುದು. 32 ಅಡಿ ಉದ್ದದ ಸಾಧಾರಣ ಹಾಯಿದೋಣಿಯೊಂದು ಹದವಾದ ಗಾಳಿಯಲ್ಲಿ ಗಂಟೆಗೆ ಐದು ನಾಟಿಕಲ್ ಮೈಲಿ ನಡೆಯುವುದರಿಂದ, ಎಲ್ಲಿಯೂ ತಂಗದೆ ಹೋದವರಿಗೆ ಐದು ದಿನಗಳಲ್ಲಿ ಮುಗಿಯುವ ಈ ಯಾನಕ್ಕೆ ನಾವು ನಾಲ್ವರು ಮಿತ್ರರು 30 ದಿನಗಳನ್ನು ತೆಗೆದುಕೊಂಡೆವು. ಅಷ್ಟನ್ನಾದರೂ ಕೊಡಲಾಗದವರು ಮುಂಬಯಿಯಿಂದ ಗೋವೆಯವರೆಗಿನ ಅಥವಾ ಗೋವೆಯಿಂದ ಮಂಗಳೂರಿನವರೆಗಿನ ಒಂದು ತುಂಡನ್ನು ಆರಿಸಿಕೊಳ್ಳುವುದು ಲೇಸೇ ಹೊರತು, ಇಡೀ ಕರಾವಳಿಯನ್ನು ವಾರದ ರಜೆಯೊಳಗೆ ಅಡಕಲು ಹೋಗಬಾರದು. ಏಕೆಂದರೆ ಇಲ್ಲಿ ಪ್ರಯಾಣಿಕನ ದಿನಚರಿಯನ್ನು ಬರೆಯುವುದು ಗಾಳಿ. ಅದರ ವೇಳಾಪಟ್ಟಿಯನ್ನು ಮೊದಲು ಅರಿತು, ಊಟ, ನಿದ್ರೆ, ಲಂಗರು, ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಂಡವನಿಗೆ ದೋಣಿಯ ವಾಸ ಸುಖವಾಗುತ್ತದೆ, ತಾರೀಖನ್ನು ಹಿಡಿದು ಹೊರಟವನಿಗೆ ಅದು ದಿನದಿನದ ಜಗಳವಾಗುತ್ತದೆ.

ಆ ವೇಳಾಪಟ್ಟಿ ಹೀಗಿದೆ. ಚಳಿಗಾಲದಲ್ಲಿ ಸೂರ್ಯಾಸ್ತವಾದ ಬಳಿಕ ನೆಲವು ಬೇಗನೆ ತಣ್ಣಗಾಗಿ, ಕಡಲು ಹಗಲಿನ ಬಿಸುಪನ್ನು ಉಳಿಸಿಕೊಂಡಿರುವ ಕಾರಣ, ನಡುರಾತ್ರಿಯ ಹೊತ್ತಿಗೆ ಮೂಡಣದಿಂದ ನೆಲಗಾಳಿಯು ಮೆಲ್ಲನೆ ಕಡಲಿನ ಕಡೆಗೆ ಹರಿಯತೊಡಗುತ್ತದೆ. ಕಾಳಿ, ಶರಾವತಿಗಳಂತಹ ನದಿಗಳ ಕಣಿವೆಗಳು ಕಡಲಿಗೆ ತೆರೆದಿರುವಲ್ಲಿ ಸಹ್ಯಾದ್ರಿಯ ತಂಪೂ ಅದರೊಡನೆ ಇಳಿದು ಬಂದು, ಮುಂಜಾವಿನಲ್ಲಿ ಮೈಗೆ ಶಾಲು ಹೊದೆಯಬೇಕೆನಿಸುವಷ್ಟು ಹಿತವಾದ ಚಳಿಯನ್ನು ತರುತ್ತದೆ. ಬೆಳಗಿನ ಒಂಬತ್ತು-ಹತ್ತು ಗಂಟೆಯವರೆಗೆ ಬೀಸಿ ಅದು ಸೋಲುತ್ತದೆ. ಅನಂತರ ಒಂದೆರಡು ಗಂಟೆಗಳ ಕಾಲ ಕಡಲು ಎಣ್ಣೆ ಸುರಿದಂತೆ ಮಿರುಗುತ್ತ ನಿಶ್ಚಲವಾಗಿರುತ್ತದೆ, ಹಾಯಿಗಳು ಜೋಲುತ್ತವೆ. ಮಧ್ಯಾಹ್ನದ ವೇಳೆಗೆ ಕಾದ ನೆಲದ ಮೇಲಿನ ಗಾಳಿ ಮೇಲೇರಿದಾಗ, ಅದರ ಸ್ಥಾನವನ್ನು ತುಂಬಲು ಕಡಲಗಾಳಿ ಹೊರಟು, ಆ ಋತುವಿನ ಬಡಗಣ ಮಾರುತದೊಡನೆ ಸೇರಿ ವಾಯವ್ಯದಿಂದ ಬೀಸಿ, ಸಂಜೆಯ ಹೊತ್ತಿಗೆ ತನ್ನ ಪೂರ್ಣ ಬಲವನ್ನು ತೋರಿ, ಕತ್ತಲಾಗುತ್ತಲೇ ಕುಗ್ಗುತ್ತದೆ. ತೆಂಕಣಾಭಿಮುಖವಾಗಿ ಹೋಗುವ ದೋಣಿಗೆ ಈ ಎರಡು ಗಾಳಿಗಳೂ ಅನುಕೂಲವೇ. ಒಂದು ಪಕ್ಕದಿಂದ, ಇನ್ನೊಂದು ಬೆನ್ನ ಹಿಂದಿನಿಂದ. ಎಂಜಿನಿನ ಹೆಸರನ್ನೇ ಕೇಳದ ಕಾಲದಲ್ಲಿ ಹಂಚು, ತೆಂಗು, ಅಕ್ಕಿಗಳ ಹೊರೆಯನ್ನು ಹೊತ್ತು ಈ ತೀರದಲ್ಲಿ ಓಡಾಡಿದ ಪತ್ತೆಮಾರಿ, ಮಚವೆ, ಮಂಜಿಗಳೆಂಬ ಹಾಯಿಹಡಗುಗಳು ನೆಚ್ಚಿದ್ದುದೂ ಇದೇ ದಿನಕ್ಕೆರಡು ಪಾಳಿಯ ಗಾಳಿಯನ್ನು.

ಋತುವಿನ ವಿಷಯದಲ್ಲಿ ಎಳ್ಳಷ್ಟೂ ಸಡಿಲಿಕೆ ಕೂಡದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತವು ಈ ಇಡೀ ತೀರವನ್ನು ಎದುರಿಗೆ ನಿಂತು ಬಡಿಯುವುದರಿಂದ ಸಣ್ಣ ದೋಣಿಗೆ ಅಲ್ಲಿ ಸ್ಥಳವೇ ಇಲ್ಲ. ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಶ್ರಾವಣದ ನೂಲಹುಣ್ಣಿಮೆಯಂದು ಹಾಲೆರೆದು ಸಮುದ್ರಪೂಜೆ ಮಾಡಿ ಮೀನುಗಾರರು ಕಡಲಿಗೆ ಇಳಿಯುತ್ತಾರಾದರೂ, ವಿಹಾರದ ಯಾತ್ರಿಕನು ಅವರನ್ನು ಅನುಕರಿಸಬಾರದು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಹುಟ್ಟುವುದುಂಟು, 2017ರ ಒಖಿಯಂತೂ ಡಿಸೆಂಬರಿಗೆ ಕಾಲಿಟ್ಟು ಕೇರಳ, ತಮಿಳುನಾಡುಗಳ ಎಷ್ಟೋ ಮೀನುಗಾರರನ್ನು ನುಂಗಿತು. ಡಿಸೆಂಬರಿನ ನಡುವಿನಿಂದ ಮಾರ್ಚಿನ ನಡುವಿನವರೆಗಿನ ಮೂರು ತಿಂಗಳೇ ಪ್ರಶಸ್ತ ಕಾಲ. ಆಗಲೂ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ, ಅಲೆಗಳ ಎತ್ತರವನ್ನು ತಿಳಿಸುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಮುನ್ಸೂಚನೆಯನ್ನೂ ಪ್ರತಿದಿನವೂ ನೋಡತಕ್ಕದ್ದು. ಕಡಲನಕ್ಷೆಗಳನ್ನು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ ಪ್ರಕಟಿಸುತ್ತದೆ. ಪರದೆಯ ಮೇಲಿನ ನಕ್ಷೆ ಎಷ್ಟೇ ಸೊಗಸಾಗಿದ್ದರೂ, ಉಪ್ಪುನೀರಿನ ಒಂದು ಹನಿಗೆ ಪರದೆ ಕಣ್ಣು ಮುಚ್ಚಬಹುದಾದ್ದರಿಂದ, ಕಾಗದದ ನಕ್ಷೆಗಳ ಒಂದು ಕಟ್ಟು ದೋಣಿಯಲ್ಲಿ ಇರಲೇಬೇಕು.

ಕಾಗದಪತ್ರಗಳ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ದೋಣಿಯ ನೋಂದಣಿ, ವಿಮೆ, ಎಲ್ಲರ ಗುರುತಿನ ಚೀಟಿ, ರೇಡಿಯೋ ಪರವಾನಗಿ, ಇವು ಒಂದು ನೀರು ಹೊಗದ ಚೀಲದಲ್ಲಿ ಕೈಗೆ ಸಿಗುವಂತಿರಲಿ. 2008ರ ಮುಂಬಯಿ ದಾಳಿಯ ಬಳಿಕ ಕರಾವಳಿಯ ಕಾವಲು ಬಿಗಿಯಾಗಿದೆ. ಕರಾವಳಿ ಪೊಲೀಸರೂ ತಟರಕ್ಷಕ ಪಡೆಯವರೂ ದೋಣಿಯನ್ನು ನಿಲ್ಲಿಸಿ ವಿಚಾರಿಸಿದರೆ ಅದನ್ನು ಅವಮಾನವೆಂದು ಬಗೆಯದೆ, ಚಹಾ ಕೊಟ್ಟು, ನಿಮ್ಮ ಮುಂದಿನ ತಂಗುದಾಣವನ್ನು ತಿಳಿಸಿ ಹೋಗಿರಿ. ಪರವಾನಗಿಯಿಲ್ಲದ ಉಪಗ್ರಹ ಫೋನು ನಮ್ಮ ದೇಶದಲ್ಲಿ ಅಪರಾಧವೆಂಬುದನ್ನು, ವಿದೇಶದಿಂದ ಬಂದು ನಿಮ್ಮೊಡನೆ ಸೇರುವ ನೆಂಟರಿಗೂ ಮೊದಲೇ ಹೇಳಿಡಿ.

ಇನ್ನು ದೋಣಿಯೊಳಗಿನ ಸಂಸಾರ. ಮೊದಲನೆಯ ಮಾತು ನೀರಿನದು. ಕುಡಿಯುವುದಕ್ಕೂ ಅಡಿಗೆಗೂ ಸೇರಿ ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಲೆಕ್ಕ ಹಿಡಿದರೆ ನಾಲ್ವರಿಗೆ ವಾರಕ್ಕೆ 112 ಲೀಟರು ಬೇಕು; ಇದರ ಮೇಲೆ ಅರ್ಧದಷ್ಟನ್ನು ಆಪತ್ಕಾಲಕ್ಕೆಂದು ಇರಿಸಬೇಕು. ದೋಣಿಯ ತೊಟ್ಟಿಯೊಂದನ್ನೇ ನಂಬದೆ, 20 ಲೀಟರಿನ ಕ್ಯಾನುಗಳಲ್ಲಿ ಹಂಚಿ ಇಡುವುದು ಜಾಣತನ. ನಮ್ಮ ತೊಟ್ಟಿಯ ಮುಚ್ಚಳದ ರಬ್ಬರು ಸವೆದಿದ್ದುದನ್ನು ನಾವು ಹೊರಡುವ ಮುನ್ನ ನೋಡಿರಲಿಲ್ಲ; ಮೂರನೆಯ ದಿನ, ರತ್ನಾಗಿರಿಯನ್ನು ದಾಟಿದ ಮೇಲೆ, ಬೆಳಗಿನ ಕಾಫಿ ಉಪ್ಪುಪ್ಪಾಗಿ ಬಾಯಿಗೆ ಬಂದಾಗ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡ ಆ ಕ್ಷಣ ನನಗಿನ್ನೂ ಮರೆತಿಲ್ಲ. ಡೆಕ್ಕಿನ ಮೇಲೆ ಹಾಯ್ದ ಅಲೆಯ ನೀರು ಆ ಸಂದಿಯಿಂದ ಒಳಗಿಳಿದಿತ್ತು. ಕ್ಯಾನುಗಳಿದ್ದುದರಿಂದ ಗೋವೆಯವರೆಗೆ ಬದುಕಿದೆವು.

ಪಾತ್ರೆ ತೊಳೆಯಲು, ಮೈ ತೊಳೆಯಲು ಕಡಲ ನೀರೇ ಸಾಕು. ಸ್ನಾನದ ಕೊನೆಗೆ ಒಂದು ಚೊಂಬು ಸಿಹಿನೀರನ್ನು ಸುರಿದುಕೊಳ್ಳುವುದನ್ನು ಮಾತ್ರ ಬಿಡಬಾರದು, ಏಕೆಂದರೆ ಚರ್ಮದ ಮೇಲೆ ಉಳಿದ ಉಪ್ಪು ತೇವವನ್ನು ಹೀರುತ್ತ, ಬಟ್ಟೆ ತಗುಲುವಲ್ಲೆಲ್ಲ ಹುಣ್ಣಾಗಿಸುತ್ತದೆ. ಬಟ್ಟೆಗಳಿಗೂ ಇದೇ ನ್ಯಾಯ: ಕಡಲ ನೀರಲ್ಲಿ ತೊಯ್ದ ಅಂಗಿ ಎಷ್ಟು ಒಣಗಿಸಿದರೂ ಸಂಜೆಗೆ ಮತ್ತೆ ಹಸಿಯಾಗುತ್ತದೆ. ತೀರದಿಂದ ದೂರದ ಶುದ್ಧವಾದ ನೀರಾದರೆ ಅನ್ನಕ್ಕೂ ಒದಗುತ್ತದೆ. ಮೂರು ಪಾಲು ಸಿಹಿನೀರಿಗೆ ಒಂದು ಪಾಲು ಕಡಲ ನೀರನ್ನು ಬೆರೆಸಿ ಕುಚ್ಚಲಕ್ಕಿಯ ಗಂಜಿ ಬೇಯಿಸಿದರೆ ಬೇರೆ ಉಪ್ಪು ಬೇಕಾಗುವುದಿಲ್ಲ, ಸಿಹಿನೀರೂ ಉಳಿಯುತ್ತದೆ. ಬಂದರಿನೊಳಗೆ, ಅಳಿವೆಯ ಸಮೀಪದಲ್ಲಿ ಈ ಪ್ರಯೋಗ ಬೇಡ.

ಅಡಿಗೆಯ ಸಾಮಗ್ರಿಯನ್ನು ಆರಿಸುವಾಗ ನಮ್ಮ ಕರಾವಳಿಯ ಮನೆಗಳ ಮಳೆಗಾಲದ ಅಟ್ಟವನ್ನು ನೆನೆದರೆ ಸಾಕು. ನಾಲ್ಕು ತಿಂಗಳು ಪೇಟೆಗೆ ಹೋಗದೆ ಕಳೆಯುವ ವಿದ್ಯೆಯನ್ನು ಆ ಮನೆಯ ತಾಯಂದಿರು ಪೂರ್ತಿಯಾಗಿ ಸಿದ್ಧಿಸಿಕೊಂಡಿದ್ದರು. ಕುಚ್ಚಲಕ್ಕಿ, ಅವಲಕ್ಕಿ, ಹುರುಳಿ, ಹೆಸರು, ಬೆಲ್ಲ, ತೆಂಗಿನಕಾಯಿ, ಮಾವಿನ ಮಿಡಿಯ ಉಪ್ಪಿನಕಾಯಿ, ಹಪ್ಪಳ, ಹುಣಿಸೆ, ತಿನ್ನುವವರಿಗೆ ಒಣಮೀನು. ಇವಾವುದಕ್ಕೂ ತಂಪುಪೆಟ್ಟಿಗೆ ಬೇಡ. ಈರುಳ್ಳಿ, ಆಲೂಗಡ್ಡೆ, ಸುವರ್ಣಗಡ್ಡೆ, ಬೂದುಗುಂಬಳಗಳನ್ನು ಗಾಳಿಯಾಡುವ ಬಲೆಯ ಚೀಲದಲ್ಲಿ ತೂಗುಹಾಕಬಹುದು. ಬಿಸಿ ಅಡಿಗೆಯನ್ನು ಮಾಡಬೇಕಾದ ವೇಳೆಯನ್ನು ಗಾಳಿಯೇ ತೋರಿಸಿಕೊಡುತ್ತದೆ: ನೆಲಗಾಳಿ ಸೋತು ಕಡಲಗಾಳಿ ಹುಟ್ಟದಿರುವ ಆ ಮಧ್ಯಂತರದಲ್ಲಿ ದೋಣಿ ಅಲುಗುವುದಿಲ್ಲ, ಎಸರು ಚೆಲ್ಲುವುದಿಲ್ಲ. ಆಗ ಮಧ್ಯಾಹ್ನಕ್ಕೂ ರಾತ್ರಿಗೂ ಒಮ್ಮೆಗೇ ಬೇಯಿಸಿ, ರಾತ್ರಿಯದನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಇರಿಸಿಬಿಡಬೇಕು. ಸಂಜೆಯ ಅಲೆಯಲ್ಲಿ ಒಲೆಯ ಮುಂದೆ ನಿಲ್ಲುವ ಸಾಹಸವು ಸುಟ್ಟಗಾಯಕ್ಕೆ ಆಹ್ವಾನ. ದೋಣಿಯ ಒಲೆಯು ತೊಟ್ಟಿಲಿನಂತೆ ತೂಗುವ ಚೌಕಟ್ಟಿನ ಮೇಲಿರುತ್ತದೆ. ಆದರೂ ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಅಡಿಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದ್ದು ಹೊರಗೆ ಹೋಗದೆ ದೋಣಿಯ ತಳದಲ್ಲಿ ಶೇಖರವಾಗಿ, ಒಂದು ಕಿಡಿಗೆ ಕಾಯುತ್ತ ಕುಳಿತಿರುತ್ತದೆ. ಒಲೆಯ ಗುಬುಟನ್ನು ತಿರುಗಿಸಿದರೆ ಸಾಲದು. ಪ್ರತಿ ಸಲವೂ ಸಿಲಿಂಡರಿನ ಬಾಯನ್ನೇ ಮುಚ್ಚಬೇಕು. ಇದನ್ನು ಒಬ್ಬನ ಹೊಣೆಯನ್ನಾಗಿ ಮಾಡಿ, ಅವನು ಮುಚ್ಚಿದ ಮೇಲೆ ಗಟ್ಟಿಯಾಗಿ ಹೇಳುವ ರೂಢಿಯನ್ನು ಇಟ್ಟುಕೊಳ್ಳಿ.

ಕಡಲಬೇನೆ ಬರುವುದು ದೌರ್ಬಲ್ಯದ ಲಕ್ಷಣವಲ್ಲ. ಮೊದಲೆರಡು ದಿನ ಎಣ್ಣೆಯ ತಿಂಡಿಯನ್ನು ಬಿಟ್ಟು, ಹೊಟ್ಟೆಯನ್ನು ಖಾಲಿಯಾಗಿಯೂ ಬಿಡದೆ, ಒಣ ಅವಲಕ್ಕಿಯನ್ನೋ ರಸ್ಕನ್ನೋ ಆಗಾಗ ಮೆಲ್ಲುತ್ತ, ಶುಂಠಿಯ ಕಷಾಯ ಕುಡಿಯುತ್ತ, ಹೊರಗೆ ಕುಳಿತು ಬಾನಂಚನ್ನು ನೋಡಬೇಕು. ಸಾಧ್ಯವಿದ್ದರೆ ಚುಕ್ಕಾಣಿಯನ್ನೇ ಹಿಡಿಯಬೇಕು, ಅದು ಎಲ್ಲಕ್ಕಿಂತ ಒಳ್ಳೆಯ ಮದ್ದು. ಮಾತ್ರೆಯನ್ನು ತೆಗೆದುಕೊಳ್ಳುವವರು ಹೊರಡುವುದಕ್ಕೆ ಗಂಟೆ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಆರಂಭವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲದು. ಮಲಗುವುದಾದರೆ ದೋಣಿಯ ನಡುಭಾಗದಲ್ಲಿ ಮಲಗಿರಿ. ತೂಗಾಟ ಅಲ್ಲಿ ಕಡಿಮೆ.

ರಾತ್ರಿಯ ಪಾಳಿ ಈ ಬದುಕಿನ ಪರೀಕ್ಷೆಯ ಸಮಯ. ನಾಲ್ವರಿದ್ದರೆ ಮೂರು ಮೂರು ಗಂಟೆಯಂತೆ ಹಂಚಿಕೊಳ್ಳಬಹುದು. ಮುಂದಿನ ಪಾಳಿಯವನನ್ನು ಅವನ ಸರದಿಗೆ ಕಾಲು ಗಂಟೆ ಮೊದಲೇ ಎಬ್ಬಿಸಿ, ಬಿಸಿ ಪಾನೀಯ ಕೊಟ್ಟು, ಕಣ್ಣು ಕತ್ತಲೆಗೆ ಒಗ್ಗಿದ ಮೇಲೆಯೇ ಚುಕ್ಕಾಣಿಯನ್ನು ಒಪ್ಪಿಸಬೇಕು. ಲೈಫ್ ಜಾಕೆಟ್ಟಿಗೆ ಹೊಂದಿದ ಹಗ್ಗದ ಕೊಂಡಿಯನ್ನು ದೋಣಿಗೆ ಸಿಕ್ಕಿಸಿಕೊಳ್ಳದೆ ಇರುಳಿನಲ್ಲಿ ಯಾರೂ ಕ್ಯಾಬಿನಿನಿಂದ ಹೊರಗೆ ಬರಕೂಡದು. ಐದು ನಾಟಿಕಲ್ ಮೈಲಿಯ ವೇಗದಲ್ಲಿ ದೋಣಿ ಒಂದು ನಿಮಿಷಕ್ಕೆ 150 ಮೀಟರು ದಾಟುತ್ತದೆ; ಅಷ್ಟು ದೂರದಲ್ಲಿ, ಕತ್ತಲೆಯಲ್ಲಿ, ಒಂದು ತೆಂಗಿನಕಾಯಿಯಷ್ಟೇ ಕಾಣುವ ತಲೆಯನ್ನು ಹುಡುಕುವುದು ಹೇಗೆಂಬುದನ್ನು ಯೋಚಿಸಿದವನಿಗೆ ಹೆಚ್ಚಿನ ಉಪದೇಶ ಬೇಡ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿಯ ದೀಪಗಳು ಉರಿಯುತ್ತಿರಬೇಕು. ಹಾಯಿಯ ದೋಣಿಗೆ ಎಂಜಿನಿನ ಹಡಗು ದಾರಿ ಬಿಡಬೇಕೆಂಬ ನಿಯಮವಿದೆಯಾದರೂ, ಬಲೆ ಹಾಕಿರುವ ಮೀನುದೋಣಿಗೆ ನಾವೇ ದಾರಿ ಬಿಡಬೇಕು. ಬಂದರಿನ ಇಕ್ಕಟ್ಟಾದ ಕಾಲುವೆಯಲ್ಲಿ ದೊಡ್ಡ ಹಡಗಿಗೆ ಅಡ್ಡ ಬರಕೂಡದು.

ಬಲೆಗಳ ವಿಷಯದಲ್ಲಿ ನಾವು ಪಾಠ ಕಲಿತದ್ದು ಭಟ್ಕಳದ ಆಚೆ. ಸಂಜೆಯ ಗಾಳಿ ಸತ್ತು ನೆಲಗಾಳಿ ಹುಟ್ಟುವುದಕ್ಕೆ ಇನ್ನೂ ಮೂರು ಗಂಟೆಯಿದ್ದಾಗ, ತಾಳ್ಮೆಗೆಟ್ಟು ಎಂಜಿನನ್ನು ಚಾಲೂ ಮಾಡಿದೆವು. ಮುಂದಲೆಯಲ್ಲಿ ಯಾರನ್ನೂ ನಿಲ್ಲಿಸಲಿಲ್ಲ. ಅರ್ಧ ಗಂಟೆಯೊಳಗೆ ಎಂಜಿನು ಒಮ್ಮೆ ನರಳಿ ನಿಂತಿತು. ಟಾರ್ಚು ಹಾಕಿ ನೋಡಿದರೆ ಥರ್ಮೋಕೋಲಿನ ಬೆಂಡುಗಳ ಸಾಲೊಂದು ದೋಣಿಯ ಹಿಂಬದಿಗೆ ಜಡೆಯಂತೆ ಸುತ್ತಿಕೊಂಡಿತ್ತು: ಸಂಜೆ ಹಾಸಿ ಮುಂಜಾನೆ ಎತ್ತುವ ಕಂತಬಲೆ. ಕತ್ತಲೆಯಲ್ಲಿ ಯಾರನ್ನೂ ನೀರಿಗಿಳಿಸುವುದು ಸಲ್ಲದೆಂದು, ಹಾಯಿ ಇಳಿಸಿ, ದೀಪ ಉರಿಸಿ, ಬೆಳಗಾಗುವವರೆಗೆ ಅಲ್ಲಿಯೇ ತೇಲಿದೆವು. ಬಲೆಯ ಒಡೆಯರು ನಸುಕಿನಲ್ಲಿ ಬಂದರು; ನಮ್ಮಲ್ಲೊಬ್ಬನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗಿ, ಅವರು ತೋರಿಸಿದ ಕಡೆಯಲ್ಲಿ ಮಾತ್ರ ಕತ್ತರಿಸಿದನು; ಒಂದು ಮಾರಿನಷ್ಟು ಬಲೆ ಹಾಳಾದುದರ ಬೆಲೆಯನ್ನು ಕೊಟ್ಟು ಕ್ಷಮೆ ಕೇಳಿದೆವು. ಆ ಬಲೆ ಒಂದು ಸಂಸಾರದ ಅನ್ನ. ತಪ್ಪು ಪೂರ್ಣವಾಗಿ ನಮ್ಮದಾಗಿತ್ತು. ಗಾಳಿಯಿಲ್ಲದ ಮುಸ್ಸಂಜೆಯಲ್ಲಿ ಎಂಜಿನನ್ನು ಮುಟ್ಟದೆ ಸುಮ್ಮನೆ ತೇಲುವುದನ್ನು ಅಂದಿನಿಂದ ಕಲಿತೆವು. ಕಲಿತ ಮೇಲೆ ಅದರ ಚೆಲುವೂ ಕಂಡಿತು: ನೀರಿನಲ್ಲಿ ಕೈಯಾಡಿಸಿದರೆ ಬೆರಳುಗಳ ಸುತ್ತ ತಣ್ಣನೆಯ ನೀಲಿ ಬೆಳಕು ಮಿಣುಕುತ್ತಿತ್ತು, ದೋಣಿಯಡಿಯಲ್ಲಿ ಮೀನಿನ ಹಿಂಡು ಹೊರಳಿದಾಗ ಕಡಲಿನ ಒಳಗೆ ಮಿಂಚು ಹೊಡೆದಂತಾಗುತ್ತಿತ್ತು.

ಲಂಗರು ಹಾಕುವುದಕ್ಕೆ ಲೆಕ್ಕ ಬೇಕು. ಆಳ ಐದು ಮೀಟರಿದ್ದು, ಭರತದಲ್ಲಿ ಎರಡು ಮೀಟರು ಏರುವುದಾದರೆ, ದೋಣಿಯ ಮುಂದಲೆ ನೀರಿನಿಂದ ಒಂದು ಮೀಟರು ಎತ್ತರವಿದ್ದರೆ, ಒಟ್ಟು ಎಂಟು. ಅದರ ಐದು ಪಟ್ಟು, ಅಂದರೆ 40 ಮೀಟರು ಸರಪಳಿ ಬಿಡಬೇಕು. ಹಗ್ಗವಾದರೆ ಏಳು ಪಟ್ಟು. ಬಳಿಕ ಎಂಜಿನನ್ನು ಹಿಮ್ಮುಖವಾಗಿ ನಡೆಸಿ ಲಂಗರು ಕೆಸರಿನಲ್ಲಿ ಕಚ್ಚಿದೆಯೇ ಎಂದು ಪರೀಕ್ಷಿಸಿ, ದಡದ ಎರಡು ಗುರುತುಗಳನ್ನು, ಒಂದು ತೆಂಗಿನ ಮರ ಮತ್ತು ಅದರ ಹಿಂದಿನ ಒಂದು ಗುಡಿಯ ಶಿಖರವನ್ನು, ಸಾಲಾಗಿ ಹಿಡಿದು ಮನಸ್ಸಿನಲ್ಲಿ ಇಡಬೇಕು. ಅವು ಬೇರೆಯಾದರೆ ದೋಣಿ ಜಾರುತ್ತಿದೆಯೆಂದರ್ಥ. ಭರತದ ಏರಿಳಿತವು ಮುಂಬಯಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಂದು ನಾಲ್ಕು ಮೀಟರನ್ನು ಮೀರಿದರೆ, ಕಾರವಾರದಲ್ಲಿ ಎರಡರ ಸುಮಾರಿಗೆ ಇಳಿದು, ಕೊಚ್ಚಿಯಲ್ಲಿ ಒಂದು ಮೀಟರಿನ ಆಸುಪಾಸಿಗೆ ಬರುತ್ತದೆ. ತೆಂಕಣಕ್ಕೆ ಹೋದಂತೆ ಈ ಲೆಕ್ಕ ಸುಲಭವಾಗುತ್ತದೆ.

ಅಳಿವೆಗಳು ಹಾಗಲ್ಲ. ಪ್ರತಿ ಮಳೆಗಾಲವೂ ನದಿಗಳು ತಂದು ಸುರಿದ ಮರಳು ಅಳಿವೆಯ ಬಾಯಲ್ಲಿ ದಿಬ್ಬವಾಗಿ, ಜಾಗ ಬದಲಿಸುತ್ತ ಹೋಗುವುದರಿಂದ, ನಕ್ಷೆಯನ್ನು ನಂಬಿ ಶರಾವತಿಯ ಅಥವಾ ಗಂಗೊಳ್ಳಿಯ ಬಾಯಿಯನ್ನು ಹೊಕ್ಕವನು ನೆಲಕ್ಕೆ ತಾಗುವುದು ನಿಶ್ಚಯ. ಗಂಗೊಳ್ಳಿಯ ಹೊರಗೆ ನಾವು ಒಳಗೆ ತಿರುಗಲು ಹವಣಿಸುತ್ತಿದ್ದಾಗ, ಸಣ್ಣ ದೋಣಿಯೊಂದರಲ್ಲಿ ಬಲೆ ಬಿಡಿಸುತ್ತಿದ್ದ ಮುದುಕರೊಬ್ಬರು ಕೈಯೆತ್ತಿ ಕೂಗಿದರು: "ಹ್ವಾಯ್, ನೀರ್ ಏರೂ ತನ್ಕ ಅಲ್ಲೇ ನಿಲ್ಲಿ ಮಾರಾಯ್ರೆ! ಹೋದ್ ವರ್ಷದ್ ದಾರಿ ಈ ವರ್ಷ ಇಲ್ಲೆ." ನಿಂತೆವು. ಎರಡು ಗಂಟೆಯ ಬಳಿಕ, ನೀರು ಏರುತ್ತಿರುವಾಗ, ಅವರೇ ಮುಂದೆ ಹೋಗಿ ದಾರಿ ತೋರಿಸಿದರು. ಏರುವ ನೀರಿನಲ್ಲಿ, ಹಗಲಿನಲ್ಲಿ, ಸ್ಥಳದವರೊಬ್ಬರ ಹಿಂದೆ: ಅಳಿವೆಯನ್ನು ಹೊಗುವುದಕ್ಕೆ ಬೇರೆ ವಿಧಾನವಿಲ್ಲ. ಏರುವ ನೀರಿನಲ್ಲಿ ತಾಗಿದ ದೋಣಿಯನ್ನು ಕಡಲೇ ಎತ್ತಿ ಬಿಡಿಸುತ್ತದೆ. ಇಳಿಯುವ ನೀರಿನಲ್ಲಿ ತಾಗಿದ್ದು ವಾಲಿ ಮಲಗುತ್ತದೆ.

ತಂಗುದಾಣಗಳಲ್ಲಿ ಕಾರವಾರದ ಕೊಲ್ಲಿಗೆ ಸಮನಾದುದನ್ನು ನಾನು ಈ ಮಾರ್ಗದಲ್ಲಿ ಕಾಣಲಿಲ್ಲ. ಬೆಟ್ಟಗಳೂ ನಡುಗಡ್ಡೆಗಳೂ ಸುತ್ತುವರಿದ ಆ ನೀರಿನಲ್ಲಿ ವಾಯವ್ಯದ ಅಲೆ ಮುಕ್ಕಾಲು ಪಾಲು ಸತ್ತೇ ಬರುತ್ತದೆ. ಆದರೆ ಅದರ ತೆಂಕಣದ ಕಡೆ ನೌಕಾಪಡೆಯ ಕದಂಬ ನೆಲೆಯಿದೆ. ಅಂಜದೀವು ದ್ವೀಪವೂ ಅವರ ವಶದಲ್ಲಿರುವುದರಿಂದ ದೂರವಾಗಿಯೇ ದಾಟಬೇಕು. ಮುರುಡೇಶ್ವರದ ಆಚೆಯ ನೇತ್ರಾಣಿಯ ಬಳಿ ಹವಳಗಳಿರುವುದು ನಿಜ. ನೌಕಾಪಡೆಯು ಅದನ್ನು ಗುರಿಯಭ್ಯಾಸಕ್ಕೆ ಬಳಸುತ್ತ ಬಂದಿರುವುದೂ ಅಷ್ಟೇ ನಿಜವಾದುದರಿಂದ ಮುಂಚಿತವಾಗಿ ವಿಚಾರಿಸದೆ ಸಮೀಪಿಸಕೂಡದು. ಮಲ್ಪೆಯ ಆಚೆ ಕಂಬಗಳಂತೆ ಸೀಳಿ ನಿಂತ ಲಾವಾಶಿಲೆಯ ಸೇಂಟ್ ಮೇರೀಸ್ ದ್ವೀಪಗಳ ನೆರಳಿನಲ್ಲಿ ಶಾಂತವಾದ ದಿನಗಳಲ್ಲಿ ಹಗಲು ಲಂಗರು ಹಾಕಬಹುದು; ರಾತ್ರಿಗೆ ಅದು ತಕ್ಕ ಜಾಗವಲ್ಲ. ಅಲ್ಲಿಂದ ತೆಂಕಣಕ್ಕೆ, 1901ರಿಂದ ಬಂಡೆಯ ಮೇಲೆ ನಿಂತಿರುವ ಕಾಪುವಿನ ದೀಪಸ್ತಂಭವು ಇರುಳಿನ ಯಾತ್ರಿಕನಿಗೆ ಮಂಗಳೂರಿನ ದಾರಿಯನ್ನು ಹೇಳುತ್ತದೆ. ಕೊಚ್ಚಿಯ ಬೋಳ್ಗಾಟ್ಟಿಯಲ್ಲಿ ಹಾಯಿದೋಣಿಗಳಿಗೆಂದೇ ಕಟ್ಟಿದ ಮರೀನಾ ಇದೆ. ನೀರು, ವಿದ್ಯುತ್ತು ದೋಣಿಯ ಬಾಗಿಲಿಗೇ ಬರುತ್ತವೆ.

ಆಪತ್ತಿಗೆ ಎರಡು ಸಂಖ್ಯೆಗಳನ್ನು ಕ್ಯಾಬಿನಿನ ಗೋಡೆಗೆ ಬರೆದು ಅಂಟಿಸಿರಿ: ವಿ.ಎಚ್.ಎಫ್. ರೇಡಿಯೋದ 16ನೆಯ ಚಾನೆಲು, ತಟರಕ್ಷಕ ಪಡೆಯ ದೂರವಾಣಿ 1554. ಪ್ರಾಣಾಪಾಯವಾದಾಗ ಮೇಡೇ ಎಂದು ಮೂರು ಬಾರಿ ಹೇಳಿ, ದೋಣಿಯ ಹೆಸರು, ಇರುವ ಸ್ಥಾನ, ಒದಗಿದ ವಿಪತ್ತು, ಜನರ ಸಂಖ್ಯೆ, ಇಷ್ಟನ್ನು ನಿಧಾನವಾಗಿ ಹೇಳಲು ಎಲ್ಲರಿಗೂ, ಅಡಿಗೆಗೆಂದು ಬಂದವನಿಗೂ, ಬರಬೇಕು.

ಮರಳಿ ಬಡಗಣಕ್ಕೆ ಬರುವವರಿಗೆ ಈ ಕ್ರಮವೆಲ್ಲ ತಲೆಕೆಳಗಾಗುತ್ತದೆ. ಮಧ್ಯಾಹ್ನದ ವಾಯವ್ಯ ಮಾರುತವು ಈಗ ಮುಖಕ್ಕೆ ಎದುರಾಗಿ ನಿಲ್ಲುವುದರಿಂದ, ಅದರೊಡನೆ ಹೋರಾಡದೆ, ರಾತ್ರಿ ಎಂಟಕ್ಕೇ ಉಂಡು ಮಲಗಿ, ನಡುರಾತ್ರಿಯ ಬಳಿಕ ಬೆಟ್ಟದ ಕಡೆಯಿಂದ ಒಣಹುಲ್ಲಿನ ಮತ್ತು ಕಟ್ಟಿಗೆಯ ಹೊಗೆಯ ವಾಸನೆ ತೇಲಿ ಬಂದೊಡನೆ ಎದ್ದು ಲಂಗರು ಕೀಳಬೇಕು. ಆ ವಾಸನೆಯೇ ನೆಲಗಾಳಿ ಹೊರಟಿತೆಂಬ ಸುದ್ದಿ. ಬಲೆಗಳಿಗಾಗಿ ಮುಂದಲೆಯಲ್ಲಿ ಒಬ್ಬನನ್ನು ಕೂರಿಸಿ, ಆಳ ನೋಡಿಕೊಂಡು ದಡಕ್ಕೆ ಹತ್ತಿರವಾಗಿಯೇ, ಮೂಡಗಾಳಿಯನ್ನು ಬಲಪಕ್ಕಕ್ಕೆ ಹಿಡಿದು, ಬೆಳಗಿನ ಹತ್ತರೊಳಗೆ ಸಾಗಿದಷ್ಟು ದೂರ ಸಾಗಿ, ನೀರು ಎಣ್ಣೆಯಾಗುತ್ತಿರುವಾಗ ಯಾವುದಾದರೂ ಗುಡ್ಡದ ಮರೆಯಲ್ಲಿ ಲಂಗರು ಬಿಟ್ಟು, ಒಲೆ ಹೊತ್ತಿಸಬೇಕು. ಹೀಗೆ ದಿನಕ್ಕೆ 30, 35 ನಾಟಿಕಲ್ ಮೈಲಿಯಂತೆ ಬಂದರೆ, ಜನವರಿಯ ಕೊನೆಗೆ ಕೊಚ್ಚಿಯನ್ನು ಬಿಟ್ಟವರು ಫೆಬ್ರುವರಿಯ ಮೂರನೆಯ ವಾರದೊಳಗೆ ಮುಂಬಯಿಯ ದೀಪಗಳನ್ನು ನೋಡಬಹುದು.